ಲಂಕೆಯ ಅಡುಗೆಮನೆ ಹೊಕ್ಕ ಶಿರಸಿ–ಕಾರವಾರದ ಗೆಳತಿಯರು

ಗೆಳತಿಯರ ಗುಂಪು ಕಟ್ಟಿಕೊಂಡು ವಿದೇಶಕ್ಕೆ ಹೊರಡುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಹೋಟೆಲು ಬಿಡಿ, ಯಾರದಾದರೂ ಮನೆಯಲ್ಲಿ ಉಳಿದುಕೊಳ್ಳಿ, ಅಡುಗೆಮನೆಗೆ ಬರಲೇ ಎಂದು ಕೇಳಿ. ಪೇಟೆಗೆ ಹೋಗುವುದು ಅದಾದ ಮೇಲೆ. ನಾವು ಶ್ರೀಲಂಕೆಗೆ ಹೋದಾಗ ಮಾಡಿದ್ದು ಇದನ್ನೇ. ಅಲ್ಲಿ ತಿಂದ ಊಟ, ಕೊಂಡ ಸಾಮಾನು, ಸಿಕ್ಕ ಉಪಚಾರ ಎಲ್ಲವೂ ಆ ಒಂದು ತೀರ್ಮಾನದಿಂದ ಒದಗಿ ಬಂದವು.

ಲಂಕೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಗುಂಪಿನ ಬಾಯಿರುಚಿ. ಶಿರಸಿ ಕಡೆಯ ನಾವು ಸಸ್ಯಾಹಾರಿಗಳು. ಕಾರವಾರದ ಗೆಳತಿಯರಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಎರಡೂ ಕಡೆಯವರಿಗೆ ಅನ್ನ, ತೆಂಗಿನಕಾಯಿ, ಹುಳಿ, ಖಾರ ಬೇಕು. ಅದು ಹೊಟ್ಟೆ ತುಂಬ ಸಿಗುವ ದೇಶ ಲಂಕೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ. ಶಿರಸಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಇಡೀ ರಾತ್ರಿ ಬೇಕು. ಗಡಿಯಾರದ ಮುಳ್ಳು ತಿರುಗಿಸುವ ಕೆಲಸವೂ ಇಲ್ಲ, ಎರಡೂ ದೇಶಗಳ ಸಮಯ ಒಂದೇ. ಪ್ರವೇಶದ ಅನುಮತಿಯನ್ನು ಅವರ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಪಡೆಯಬೇಕು. ಅದೇ ಹೆಸರಿನ ಛಾಯೆಯಲ್ಲಿ ದುಪ್ಪಟ್ಟು ಹಣ ಕೇಳುವ ಮಧ್ಯವರ್ತಿಗಳ ತಾಣಗಳೂ ಇವೆ. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಒಮ್ಮೆ ನೋಡಿಕೊಳ್ಳುವುದು ಲೇಸು.

ಹಣದ ವ್ಯವಸ್ಥೆಗೆ ಒಬ್ಬಳನ್ನೇ ಖಜಾಂಚಿ ಮಾಡಿದೆವು. ಎಲ್ಲರೂ ಸಮನಾಗಿ ಹಾಕಿದ ಹಣದಿಂದ ಊಟ, ವಸತಿ, ಪ್ರಯಾಣದ ಖರ್ಚು. ಸ್ವಂತ ಖರೀದಿ ಅವರವರ ಕೈಯಿಂದ. ರಾತ್ರಿ ಮಲಗುವ ಮುನ್ನ ಲೆಕ್ಕ ಓದಬೇಕು. ಸ್ನೇಹ ಕೆಡದಂತೆ ಪ್ರವಾಸ ಮಾಡಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾವು ಹೋದದ್ದು ಮೇ ತಿಂಗಳಲ್ಲಿ. ಆಗ ಲಂಕೆಯ ನೈರುತ್ಯ ಕರಾವಳಿಗೆ ಮಳೆಗಾಲ ಕಾಲಿಡುತ್ತಿರುತ್ತದೆ, ಕಡಲು ಒರಟಾಗಿರುತ್ತದೆ. ಈಜಬೇಕೆನ್ನುವವರು ಡಿಸೆಂಬರಿನಿಂದ ಮಾರ್ಚ್ ಒಳಗೆ ಹೋಗಬೇಕು. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಗಾಲೆಗೆ ಹೋಗುವ ರೈಲಿನಲ್ಲಿ ಬಲಬದಿಯ ಕಿಟಕಿ ಹಿಡಿದರೆ ದಾರಿಯ ಬಹುಪಾಲು ಸಮುದ್ರ ಪಕ್ಕದಲ್ಲೇ ಬರುತ್ತದೆ. ಗಾಲೆಯ ಕೋಟೆ ಮೊದಲು ಪೋರ್ಚುಗೀಸರದು, ಆಮೇಲೆ ಡಚ್ಚರು ಅದನ್ನು ಬಲಪಡಿಸಿದರು; 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಂಜೆ ಆ ಗೋಡೆಯ ಮೇಲೆ ನಡೆದಾಡಿದೆವು. ಚೆನ್ನಾಗಿದೆ. ಆದರೆ ನನ್ನ ಮನಸ್ಸು ಇದ್ದದ್ದು ಕೋಟೆಯಿಂದ ದೂರ, ತೆಂಗಿನ ತೋಟದ ನಡುವೆ ನಾವು ಉಳಿದಿದ್ದ ಮನೆಯ ಹಿತ್ತಿಲಲ್ಲಿ.

ಆ ಮನೆಯೊಡತಿಯನ್ನು ನಾವು ಅಕ್ಕಾ ಎಂದೇ ಕರೆಯುತ್ತಿದ್ದೆವು. ಮೊದಲ ದಿನವೇ ನಮ್ಮ ಊಟದ ಕಟ್ಟುಪಾಡನ್ನು ಬಿಡಿಸಿ ಹೇಳಿದೆವು. ಇದು ಬಹಳ ಮುಖ್ಯ. ಅಲ್ಲಿ ಕಾಯಿತುರಿ, ಒಣಮೆಣಸು, ಈರುಳ್ಳಿ, ನಿಂಬೆರಸ ಸೇರಿಸಿ ಮಾಡುವ ಪೊಲ್ ಸಂಬೋಲ ನಮ್ಮ ಗಟ್ಟಿ ಚಟ್ನಿಯ ಹಾಗೇ ಕಾಣುತ್ತದೆ, ಆದರೆ ಅದರಲ್ಲಿ ಉಂಬಲಕಡ ಇರುತ್ತದೆ. ಹೊಗೆಯಲ್ಲಿ ಒಣಗಿಸಿ ಕಲ್ಲಿನಂತೆ ಗಟ್ಟಿಯಾದ ಮೀನನ್ನು ಕುಟ್ಟಿ ಹಾಕಿರುತ್ತಾರೆ. ತರಕಾರಿ ಪಲ್ಯಕ್ಕೂ ಒಂದು ಚಿಟಿಕೆ ಬೀಳುವುದುಂಟು. ಅದನ್ನು ಹಾಕುವವರಿಗೆ ಅದು ಬರೀ ಒಗ್ಗರಣೆಯ ಸಾಮಾನು. ಹಾಗಾಗಿ ‘ನಾವು ಸಸ್ಯಾಹಾರಿಗಳು’ ಎಂದರೆ ಸಾಲದು, ‘ಉಂಬಲಕಡ ಎಪಾ’, ಅಂದರೆ ಅದು ಬೇಡ ಎಂದು ಹೆಸರು ಹಿಡಿದೇ ಹೇಳಬೇಕು. ಅಕ್ಕ ಮರುದಿನದಿಂದ ನಮಗೆಂದೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟರು. ಅಷ್ಟು ಮಾಡಿ ಎಂದು ನಾವು ಕೇಳಿರಲಿಲ್ಲ.

ಬೆಳಿಗ್ಗೆ ಅವರು ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿಯುವುದನ್ನು, ಮೊದಲ ಹಾಲು, ಎರಡನೆಯ ಹಾಲು ಎಂದು ಬೇರೆ ಮಾಡುವುದನ್ನು ನೋಡುತ್ತ ಕೂರುತ್ತಿದ್ದೆವು. ಆಪ್ಪ ಹುಯ್ಯುವಾಗ ಅವರ ಮಣಿಕಟ್ಟಿನ ಕೆಲಸ ನೋಡಬೇಕು. ಸಣ್ಣ ಬಾಣಲೆಗೆ ಒಂದು ಸೌಟು ಹುಳಿ ಬಂದ ಹಿಟ್ಟು, ಒಂದೇ ಸುತ್ತು. ಅಂಚಿನಲ್ಲಿ ತೆಳ್ಳಗಿನ ಗರಿ, ನಡುವೆ ಮೆತ್ತಗಿನ ತಿರುಳು. ನಾನು ಸುತ್ತಿದಾಗ ಅಂಚು ದಪ್ಪವಾಗಿ ಬಂದರೆ ಅಕ್ಕ ಹಿಟ್ಟಿಗೆ ಇನ್ನಷ್ಟು ಕಾಯಿಹಾಲು ಬೆರೆಸಿ ನನ್ನ ಕೈ ಹಿಡಿದು ಸುತ್ತಿಸಿದರು.

ಕಾರವಾರದ ಗೆಳತಿಯರ ಪಾಲಿನ ದೊಡ್ಡ ಊಟ ‘ಅಂಬುಲ್ ತಿಯಲ್’, ಅಂದರೆ ಹುಳಿ ಹಚ್ಚಿ ಬೇಯಿಸಿದ ಮೀನು. ಅದಕ್ಕೆ ಬೀಳುವ ಹುಳಿಯನ್ನು ಅಕ್ಕ ಡಬ್ಬಿಯಿಂದ ತೆಗೆದು ಅಂಗೈಯಲ್ಲಿಟ್ಟಾಗ ನನಗೆ ಆದ ಸಂತೋಷ ಹೇಳತೀರದು. ಕಪ್ಪಗೆ, ಮುದುಡಿಕೊಂಡು, ಹೊಗೆಯ ವಾಸನೆ ಹೊತ್ತು ಬಂದದ್ದು ನಮ್ಮ ಉಪ್ಪಾಗೆ! ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಮಳೆಗಾಲದಲ್ಲಿ ಹೆಕ್ಕಿ, ಬೆಂಕಿಯ ಮೇಲೆ ಒಣಗಿಸುವ ಅದೇ ಹಣ್ಣಿನ ಸಿಪ್ಪೆ. ನಮ್ಮ ಕಡೆ ಬೀಜದಿಂದ ತುಪ್ಪ ತೆಗೆಯುತ್ತಾರೆ, ಸಿಪ್ಪೆಯ ಬಹುಪಾಲು ವ್ಯಾಪಾರಿಗಳ ಕೈ ಸೇರುತ್ತದೆ. ಅಲ್ಲಿ ಅದಕ್ಕೆ ಗೊರಕ ಎನ್ನುತ್ತಾರೆ. ಅದನ್ನು ನೆನೆಸಿ, ಕಾಳುಮೆಣಸು, ಉಪ್ಪಿನ ಜೊತೆ ಅರೆದು, ಟ್ಯೂನಾ ಮೀನಿನ ಚೌಕ ತುಂಡುಗಳಿಗೆ ಹಚ್ಚಿ, ಬಾಳೆಲೆ ಹಾಸಿದ ಮಣ್ಣಿನ ಗಡಿಗೆಯಲ್ಲಿ ನೀರು ಇಂಗುವವರೆಗೆ ಬೇಯಿಸುತ್ತಾರೆ. ಹುಳಿ ಮತ್ತು ಮೆಣಸಿನ ಬಲದಿಂದ ಅದು ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡುವುದಿಲ್ಲ. ನಾನು ಮೀನು ಮುಟ್ಟುವವಳಲ್ಲ, ಆದರೆ ಅರೆದ ಹುಳಿಯನ್ನು ಬೆರಳ ತುದಿಯಲ್ಲಿ ಚೀಪಿ ನೋಡಿದೆ.

ಸಿಹಿಗೆ ಮಣ್ಣಿನ ಕುಡಿಕೆಯ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಕಿತುಲ್ ಎಂದರೆ ನಮ್ಮ ಬೈನೆ ಮರ. ಹೂಗೊನೆಯಿಂದ ಇಳಿಸಿದ ರಸವನ್ನು ಕುದಿಸಿ ಪಾಕ ಮಾಡುತ್ತಾರೆ, ಇನ್ನೂ ಕುದಿಸಿ ಚಿಪ್ಪಿನಲ್ಲಿ ಹುಯ್ದರೆ ಬೆಲ್ಲ. ನಮ್ಮ ಜೋನಿಬೆಲ್ಲ ತಿಂದು ಬೆಳೆದ ನಾಲಿಗೆಗೂ ಅದರ ಹೊಗೆಗಂಪು ಹೊಸತು. ನಮ್ಮ ಬೈನೆ ಮರಗಳಿಂದ ಇಂಥ ಪಾಕವನ್ನು ನಾವೇಕೆ ತೆಗೆಯುವುದಿಲ್ಲ ಎಂದು ನನಗೆ ಈಗಲೂ ಕೊರಗಿದೆ.

ಹೀಗೆ ಅಡುಗೆಮನೆ ಅರ್ಥವಾದ ಮೇಲೆ ಖರೀದಿಗೆ ಇಳಿದೆವು. ಕಿತುಲ್ ಪಾಕಕ್ಕೆ ಸಕ್ಕರೆ ಬೆರೆಸಿ ಮಾರುವುದು ಸಾಮಾನ್ಯವಾದ್ದರಿಂದ ಅಕ್ಕನಿಗೆ ಪರಿಚಯವಿದ್ದ ಮನೆಯಿಂದಲೇ ತಂದೆವು. ದಾಲ್ಚಿನ್ನಿಯನ್ನು ಸುಲಿಯುವವರ ಜಗುಲಿಯಲ್ಲೇ ಕೊಂಡೆವು. ಅವರು ಕೊಂಬೆಯ ಹೊರಸಿಪ್ಪೆ ಹೆರೆದು, ಹಿತ್ತಾಳೆಯ ಸಲಾಕೆಯಿಂದ ಉಜ್ಜಿ, ಒಳತೊಗಟೆಯನ್ನು ಕಾಗದದಷ್ಟು ತೆಳ್ಳಗೆ ಬಿಡಿಸುತ್ತಾರೆ. ಒಂದರೊಳಗೊಂದು ತುರುಕಿ ಉದ್ದನೆಯ ಕೊಳವೆ ಮಾಡಿ ನೆರಳಲ್ಲಿ ಒಣಗಿಸುತ್ತಾರೆ. ಅಸಲಿ ದಾಲ್ಚಿನ್ನಿಯ ತುದಿಯನ್ನು ನೋಡಿದರೆ ಹಲವು ಪದರಗಳು ಕಾಣುತ್ತವೆ, ಬೆರಳಲ್ಲೇ ಪುಡಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ದಪ್ಪ, ಒಂಟಿ ಸುರುಳಿಯ ಚಕ್ಕೆ ಕ್ಯಾಸಿಯಾ ಜಾತಿಯದು. ಬಟ್ಟೆಗೆ ಕೊಲಂಬೊದ ಪೆಟ್ಟಾ ಪೇಟೆ ಒಳ್ಳೆಯದು, ಚೌಕಾಸಿ ಮಾಡಲೇಬೇಕು. ರತ್ನದ ಅಂಗಡಿಗಳ ಕಡೆ ಹೋಗಲಿಲ್ಲ. ನಮ್ಮಲ್ಲಿ ಯಾರಿಗೂ ಕಲ್ಲಿನ ಜ್ಞಾನವಿಲ್ಲ.

ವೆಸಾಕ್ ಹುಣ್ಣಿಮೆ ನಮ್ಮ ಪ್ರವಾಸದ ನಡುವೆ ಬಂದದ್ದು ಭಾಗ್ಯ. ಬುದ್ಧನ ಜನನ, ಜ್ಞಾನೋದಯ, ಪರಿನಿರ್ವಾಣ ಮೂರನ್ನೂ ನೆನೆಯುವ ಹಬ್ಬ. ಆಗ ಮದ್ಯದಂಗಡಿ, ಮಾಂಸದಂಗಡಿ ಮುಚ್ಚಿರುತ್ತವೆ. ಮನೆಮನೆಯ ಮುಂದೆ ಕಾಗದದ ಗೂಡುದೀಪ, ರಸ್ತೆರಸ್ತೆಯಲ್ಲಿ ‘ದನ್ಸಲ’, ಅಂದರೆ ದಾರಿಹೋಕರಿಗೆಲ್ಲ ಉಚಿತ ಊಟದ ಚಪ್ಪರ. ಹುಡುಗರು ಬಾವುಟ ಬೀಸಿ ನಮ್ಮ ವಾಹನ ನಿಲ್ಲಿಸಿದಾಗ ಚಾಲಕ ನಗುತ್ತ ಇಳಿಯಿರಿ ಎಂದ. ಒಂದು ಕಡೆ ಅನ್ನ, ಬೇಳೆ ಸಾರು; ಇನ್ನೊಂದು ಕಡೆ ಬೇಯಿಸಿದ ಮರಗೆಣಸು, ಕಾಯಿತುರಿ; ಮತ್ತೊಂದು ಕಡೆ ಬಿಸಿ ಕೊತ್ತಂಬರಿ ಕಷಾಯ. ಯಾವ ದೇಶ, ಯಾವ ಮತ ಎಂದು ಒಬ್ಬರೂ ಕೇಳಲಿಲ್ಲ, ಇನ್ನೂ ಸ್ವಲ್ಪ ಎಂದು ಮತ್ತೆ ಮತ್ತೆ ಬಡಿಸಿದರು. ಹುಣ್ಣಿಮೆ ನೋಡಿಕೊಂಡೇ ದಿನ ಗೊತ್ತು ಮಾಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಏಪ್ರಿಲ್ ನಡುವಿನ ಸಿಂಹಳ ಹೊಸವರ್ಷದಲ್ಲಿ ಮಾತ್ರ ಬೇಡ, ಅಂಗಡಿ ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ.

ಮನೆಯಲ್ಲಿ ಉಳಿಯಲು ಹೋಗುವವರು ಬರಿಗೈಯಲ್ಲಿ ಹೋಗಬಾರದು. ನಾವು ಒಯ್ದದ್ದು ಶಿರಸಿಯ ತೊಡೆದೇವು ಎಂಬ ತೆಳ್ಳಗಿನ ಸಿಹಿತಿಂಡಿ. ತಗಡಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರಿಂದ ಹೆಚ್ಚು ಮುರಿಯಲಿಲ್ಲ. ಬಿಸಿ ಮಡಕೆಯ ಬೆನ್ನಿಗೆ ಹಿಟ್ಟು ತೊಡೆಯುವ ವಿಡಿಯೊ ತೋರಿಸಿದಾಗ ಅಕ್ಕ ಅದನ್ನು ಮತ್ತೆ ಮತ್ತೆ ನೋಡಿ, ಒಂದು ಹಳೆಯ ಮಡಕೆ ಹುಡುಕಿ ತಂದೇಬಿಟ್ಟರು.

ಊರಿಗೆ ಬಂದ ಮೇಲೆ ಕಾರವಾರದ ಗೆಳತಿಗೆ ನಮ್ಮ ಮನೆಯ ಅಟ್ಟದ ಉಪ್ಪಾಗೆ ಕಳುಹಿಸಿದೆ. ಅವಳು ಮಾರುಕಟ್ಟೆಯಿಂದ ಟ್ಯೂನಾ ತಂದು ಅಂಬುಲ್ ತಿಯಲ್ ಮಾಡಿ, ಗಡಿಗೆಯ ಫೋಟೊವನ್ನು ಅಕ್ಕನಿಗೆ ಕಳುಹಿಸಿದಳು. ಬಣ್ಣ ಸಾಲದು, ಕಾಳುಮೆಣಸು ಇನ್ನಷ್ಟು ಬೇಕಿತ್ತು ಎಂದು ಉತ್ತರ ಬಂತು. ಮುಂದಿನ ಬಸ್ಸಿನಲ್ಲಿ ಮೆಣಸನ್ನೂ ಕಳುಹಿಸಿದೆ.