ಸಿದ್ಧಾಂತಕ್ಕಿಂತ ಮೊದಲು ಒಂದು ಉಕ್ತಲೇಖನ

ಭಾವಿ ಶಿಕ್ಷಕರಿಗೆ ಕಲಿಕೆಯ ಮನೋವಿಜ್ಞಾನ ಕಲಿಸಲು ಶುರು ಮಾಡಿದಾಗ ಪಾವ್ಲೋವ್, ಸ್ಕಿನ್ನರ್, ಪಿಯಾಜೆ, ವೈಗೋಟ್‌ಸ್ಕಿ ಎಂದು ಕಲಿಕೆಯ ಬಗ್ಗೆ ಸಿದ್ಧಾಂತ ಕೊಟ್ಟವರನ್ನು ಒಬ್ಬೊಬ್ಬರಾಗಿ ಹಿಡಿದು ಪಠ್ಯದ ಸಾಲಿನಲ್ಲೇ ಹೋಗುತ್ತಿದ್ದೆ. ಕಲಿಕಾ ನ್ಯೂನತೆಗಳ ಸರದಿ ಬರುವಷ್ಟರಲ್ಲಿ ಪರೀಕ್ಷೆ ಹತ್ತಿರವಾಗಿರುತ್ತಿತ್ತು. ವ್ಯಾಖ್ಯೆಗಳನ್ನೆಲ್ಲ ತಪ್ಪಿಲ್ಲದೆ ಬರೆದ ಪ್ರಶಿಕ್ಷಣಾರ್ಥಿಗಳೇ ಬೋಧನಾಭ್ಯಾಸಕ್ಕೆ ಹೋದಾಗ, ಓದಲು ತಡವರಿಸುವ ಮಗುವಿನ ಬಗ್ಗೆ ‘ಗಮನ ಸಾಲದು, ಸೋಮಾರಿ’ ಎಂದು ವರದಿ ಬರೆದು ತಂದರು. ಓದಿ ಸಂಕಟವಾಯಿತು. ಕಲಿಸಿದವಳು ನಾನೇ ಅಲ್ಲವೇ?

ಆಮೇಲೆ ಕ್ರಮ ಬದಲಿಸಿದೆ. ಮೊದಲ ದಿನವೇ ಒಂದು ಮಗುವಿನ ನೋಟ್‌ಬುಕ್ಕಿನ ಎರಡು ಪುಟಗಳನ್ನು, ಹೆಸರು ತೆಗೆದು, ಎಲ್ಲರ ಕೈಗೆ ಕೊಡುತ್ತೇನೆ. ಒಂದು ಪುಟ ಬೋರ್ಡ್ ನೋಡಿ ಬರೆದದ್ದು. ಅಕ್ಷರ ದುಂಡಗೆ, ತಪ್ಪೇ ಇಲ್ಲ. ಇನ್ನೊಂದು ಉಕ್ತಲೇಖನ: ‘ಹಕ್ಕಿ’ ಅಲ್ಲಿ ‘ಹಕಿ’, ‘ಬೆಟ್ಟ’ ‘ಬೆಟ’, ‘ಪುಸ್ತಕ’ ‘ಪುಸಕ’. ‘ಮರ’, ‘ಗಿಡ’, ‘ನದಿ’ ಮಾತ್ರ ಸರಿಯಾಗಿವೆ. “ತಿದ್ದಬೇಡಿ, ತಪ್ಪುಗಳನ್ನು ವಿಂಗಡಿಸಿ” ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: “ಮೇಡಂ, ಒತ್ತಕ್ಷರ ಬಂದಲ್ಲೆಲ್ಲ ಒತ್ತು ಬಿಟ್ಟುಹೋಗಿದೆ!” ಸೋಮಾರಿತನದ ತಪ್ಪು ಹೀಗೆ ಒಂದೇ ಜಾಗದಲ್ಲಿ ಬೀಳುವುದಿಲ್ಲ. ನೋಡಿ ಬರೆಯಲು ಕಣ್ಣು, ಕೈ ಸಾಕು. ಕೇಳಿ ಬರೆಯಲು ಪದದ ದನಿಗಳನ್ನು ಮನಸ್ಸಿನಲ್ಲಿ ಬಿಡಿಸಿ ಹಿಡಿದಿಟ್ಟುಕೊಳ್ಳಬೇಕು. ಡಿಸ್ಲೆಕ್ಸಿಯ, ಅಂದರೆ ಓದು ಬರಹವನ್ನು ಕಾಡುವ ಕಲಿಕಾ ನ್ಯೂನತೆ, ಇರುವ ಬಹಳಷ್ಟು ಮಕ್ಕಳಿಗೆ ಕಷ್ಟವಾಗುವುದು ಇದೇ, ಬುದ್ಧಿಯ ಕೊರತೆಯಿಂದಲ್ಲ. ಹೀಗೆ ಕೆಲಸದ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಡುವ ನೆನಪಿಗೆ ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. ಅದರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ.

ಸ್ಕಿನ್ನರ್‌ನನ್ನೂ ಹೀಗೆಯೇ ತರುತ್ತೇನೆ. ಬೇಡದ್ದು ತಪ್ಪುವುದರಿಂದ ಒಂದು ವರ್ತನೆ ಬಲಿಯುವುದೇ ಋಣಾತ್ಮಕ ಪುನರ್ಬಲನ. ಅದೆಂದರೆ ಶಿಕ್ಷೆ ಎಂದು ಪ್ರತಿ ವರ್ಷವೂ ಕೆಲವರು ಬರೆಯುತ್ತಾರೆ. ಗಟ್ಟಿಯಾಗಿ ಓದುವ ಸರದಿ ಹತ್ತಿರ ಬಂದಾಗಲೆಲ್ಲ ನೀರು ಕುಡಿಯಲು ಹೊರಗೆ ಹೋಗುವ ಹುಡುಗನನ್ನು ನೆನಪಿಸಿದರೆ ಗೊಂದಲ ಬಿಡುತ್ತದೆ. ಹೊರಗೆ ಹೋದರೆ ಓದುವ ಸಂಕಟ ತಪ್ಪುತ್ತದೆ. ತಪ್ಪಿದ್ದರಿಂದಲೇ ಆ ಅಭ್ಯಾಸ ಬಲಿಯುತ್ತದೆ. ಹೋಗಬೇಡ ಎಂದು ಗದರಿಸುವುದರಿಂದ ಓದು ಸುಲಭವಾಗುವುದಿಲ್ಲ.

ತಕ್ಕ ನೆರವು ಸಿಕ್ಕರೆ ಮಗು ತಾನೊಂದೇ ಮಾಡಲಾಗದ್ದನ್ನೂ ಮಾಡಬಲ್ಲದು ಎಂದ ವೈಗೋಟ್‌ಸ್ಕಿಗಾಗಿ ಒಬ್ಬೊಬ್ಬರೂ ಒಂದು ಮಗುವಿನ ಜೊತೆ ಇಪ್ಪತ್ತು ನಿಮಿಷ ಕೂರಬೇಕು. ಮೊದಲು ಸುಮ್ಮನೆ ಕಾಯುವುದು, ಆಮೇಲೆ ಪದವನ್ನು ನಿಧಾನವಾಗಿ ಹೇಳುವುದು, ಆಮೇಲೆ ಭಾಗ ಮಾಡಿ ಚಪ್ಪಾಳೆ ತಟ್ಟಿಸುವುದು, ಕೊನೆಗೆ ಬರೆದು ತೋರಿಸುವುದು. ಎಷ್ಟು ನೆರವಿಗೆ ಮಗು ತಾನೇ ಮುಂದಿನ ಹೆಜ್ಜೆ ಇಟ್ಟಿತು ಎಂಬುದನ್ನು ಬರೆದುಕೊಳ್ಳಬೇಕು. ಕಾಯುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟ.

ಒಂದು ಕಟ್ಟುನಿಟ್ಟು ಇಟ್ಟಿದ್ದೇನೆ: ವರದಿಯಲ್ಲಿ ‘ಡಿಸ್ಲೆಕ್ಸಿಯ’ ಎಂಬ ಪದ ಬರಕೂಡದು. ಹೊಸದಾಗಿ ಕಲಿತವರಿಗೆ ಎಲ್ಲ ಮಕ್ಕಳಲ್ಲೂ ಅದೇ ಕಾಣುತ್ತದೆ. ಕಣ್ಣು, ಕಿವಿ ಪರೀಕ್ಷೆ ಆಗಿದೆಯೇ, ಮನೆಮಾತು ಬೇರೆಯೇ, ಒತ್ತಕ್ಷರವನ್ನು ಸರಿಯಾಗಿ ಕಲಿಸಿದ್ದಾರೆಯೇ ಎಂದು ಮೊದಲು ಕೇಳಬೇಕು. ಗುರುತಿಸಿ ಹೆಸರಿಡುವುದು ತಜ್ಞರ ಕೆಲಸ. (ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ಭಾಗ ಮಾಡಿ ಪಾಠ ಮಾಡಿರೆಂದು ನಾನೂ ಹಿಂದೆ ಹೇಳಿಕೊಟ್ಟಿದ್ದೆ. ಅದಕ್ಕೆ ಗಟ್ಟಿ ಆಧಾರವಿಲ್ಲವೆಂದು ತಿಳಿದ ಮೇಲೆ ಕೈಬಿಟ್ಟೆ.)

ಈಚೆಗೆ ಬಂದ ಒಂದು ವರದಿ ಹೀಗಿತ್ತು: “‘ಬೆಟ್ಟ’ ಎಂದು ಚಪ್ಪಾಳೆ ತಟ್ಟಿಸಿದಾಗ ಒತ್ತು ತಾನೇ ಹಾಕಿದಳು. ‘ಪುಸ್ತಕ’ಕ್ಕೆ ಬರೆದು ತೋರಿಸಬೇಕಾಯಿತು. ನಾಳೆ ಸಜಾತಿ ಒತ್ತಿನ ಪದಗಳಿಂದ ಶುರು ಮಾಡುತ್ತೇನೆ.”