ಮನೆಯೊಳಗೆ ಕೈ ಎದ್ದಾಗ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸು, ಮಕ್ಕಳ ಲಸಿಕೆ ಚೀಟಿ, ಇವನ್ನೆಲ್ಲ ಹೇಳಿಕೊಡಲು ಹತ್ತು ಜನ ಸಿಗುತ್ತಾರೆ. ಗಂಡ ಕೈ ಮಾಡಿದರೆ ಯಾರಿಗೆ ಹೇಳಬೇಕು ಅಂತ ಕೇಳಿ ನೋಡಿ. ‘ಸ್ವಲ್ಪ ತಡ್ಕೊಳ್ಳಮ್ಮ, ಗ್ರೀನ್ ಕಾರ್ಡ್ ಬರಲಿ’ ಅನ್ನುತ್ತಾರೆ. ನಾವು ಹಳಬರು ಈ ಮಾತನ್ನು ಎಷ್ಟು ಸಲೀಸಾಗಿ ಆಡಿಬಿಟ್ಟಿದ್ದೇವೆ! ಗ್ರೀನ್ ಕಾರ್ಡಿನ (ಕಾಯಂ ವಾಸದ ಪರವಾನಗಿಯ) ಉದ್ದ ಸಾಲಿನಲ್ಲಿ ನಮ್ಮವರ ಸರದಿ ಬರುವಷ್ಟರಲ್ಲಿ ಮಕ್ಕಳು ನೋಡಬಾರದ್ದನ್ನೆಲ್ಲ ನೋಡಿ ಕಾಲೇಜು ಸೇರಿರುತ್ತಾರೆ.

ಜೀವಕ್ಕೆ ಅಪಾಯವಿದ್ದರೆ ತುರ್ತು ನಂಬರು 911. ಅಷ್ಟಿಲ್ಲದಿದ್ದರೂ 1-800-799-7233 ಇದೆ. 1996ರಿಂದ ನಡೆಯುತ್ತಿರುವ ರಾಷ್ಟ್ರೀಯ ಸಹಾಯವಾಣಿ, ಹಗಲೂ ರಾತ್ರಿ, ಬಿಟ್ಟಿ. ವೀಸಾ ತೋರಿಸಬೇಕಿಲ್ಲ. ನ್ಯೂಜೆರ್ಸಿಯ ‘ಮಾನವಿ’ (1985), ನ್ಯೂಯಾರ್ಕಿನ ‘ಸಖಿ’ (1989), ಕ್ಯಾಲಿಫೋರ್ನಿಯಾ ಬೇ ಏರಿಯಾದ ‘ಮೈತ್ರಿ’ (1991) ದಕ್ಷಿಣ ಏಷ್ಯಾದವರಿಗಾಗಿಯೇ ಹುಟ್ಟಿದ ಸಂಸ್ಥೆಗಳು. ಅತ್ತೆ ಏಳು ಸಮುದ್ರದಾಚೆಯಿಂದ ಫೋನಿನಲ್ಲೇ ಸಂಸಾರ ನಡೆಸುವುದೆಂದರೆ ಏನು ಅಂತ ಇವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಸಹಾಯವಾಣಿ, ಸಂಸ್ಥೆಗಳಿಗೆ ಮನೆಯವರೆಲ್ಲ ಒಂದೇ ಬಿಲ್ಲಿನಲ್ಲಿರುವ ಫ್ಯಾಮಿಲಿ ಪ್ಲಾನಿನ ಮೊಬೈಲಿನಿಂದ ಕರೆ ಮಾಡಬೇಡಿ, ಬಿಲ್ಲಿನಲ್ಲಿ ನಂಬರು ಕಾಣಬಹುದು.

ಪಾಸ್‌ಪೋರ್ಟು, ಐ-94 (ದೇಶದೊಳಗೆ ಬಂದ ದಾಖಲೆ), ಮದುವೆ ಪತ್ರ, ಮಕ್ಕಳ ಜನನ ಪತ್ರ: ನಕಲು ತೆಗೆದು ನಂಬುವವರ ಬಳಿ ಇಡಿ.

ವೀಸಾ ವಿಷಯದಲ್ಲಿ ಅರೆಬರೆ ಮಾತು ನಂಬಬೇಡಿ. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ದಾರನಾದರೆ, ಅವನಿಗೆ ತಿಳಿಯದಂತೆ ಹೆಂಡತಿಯೇ ತನ್ನ ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಐ-360 ಅರ್ಜಿ ಹಾಕಲು, ಹೆಂಗಸರ ಮೇಲಿನ ಹಿಂಸೆ ಕುರಿತ 1994ರ ಕಾನೂನು ದಾರಿ ಮಾಡಿದೆ. ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4ನಲ್ಲಿದ್ದರೆ ಈ ದಾರಿಯಿಲ್ಲ; ವಿಚ್ಛೇದನವಾದರೆ ಎಚ್-4 ಕೂಡ ಹೋಗುತ್ತದೆ. ಹಾಗಾಗಿ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ. ಕೋರ್ಟಿನ ರಕ್ಷಣಾ ಆದೇಶಕ್ಕೆ ಮಾತ್ರ ಯಾವ ವೀಸಾದ ಹಂಗೂ ಇಲ್ಲ.

‘ನಾವೂ ಏಟು ತಿಂದೇ ಬೆಳೆದವರಲ್ಲವೇ’ ಅನ್ನುವ ಅಪ್ಪಂದಿರಿಗೂ ಒಂದು ಮಾತು. ಮಗುವಿನ ಮೈಮೇಲೆ ಬಾಸುಂಡೆ ಕಂಡು ಅನುಮಾನ ಬಂದರೆ ಶಿಕ್ಷಕರು, ವೈದ್ಯರು ಅಧಿಕಾರಿಗಳಿಗೆ ವರದಿ ಮಾಡಲೇಬೇಕು, ಇಲ್ಲಿನ ಕಾನೂನೇ ಹಾಗೆ. ಅದಕ್ಕೆ ಟೀಚರಮ್ಮನ ಮೇಲೆ ಮುನಿಸು ಬೇಡ. ‘ಮಕ್ಕಳನ್ನು ಎತ್ಕೊಂಡು ಹೋಗ್ತಾರೆ’ ಅಂತ ನಾವು ಹಬ್ಬಿಸಿದ ಭಯವೂ ಅಷ್ಟು ನಿಜವಲ್ಲ. ವಿಚಾರಣೆಯಾದ ಬಹುಪಾಲು ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ.

ಮಕ್ಕಳ ಇಂಗ್ಲಿಷ್ ನಮಗಿಂತ ಚುರುಕು. ಅಮ್ಮನಿಗೆ ಹೇಳದ್ದನ್ನು ಸ್ಕೂಲಿನ ಕೌನ್ಸೆಲರ್ ಹತ್ತಿರ ಅವು ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತವೆ. ಹೇಳಿಕೊಳ್ಳಲಿ, ಏನಂದೆ ಅಂತ ಕೆದಕಬೇಡಿ. ಆದರೆ ಪೊಲೀಸರು ಬಾಗಿಲಿಗೆ ಬಂದ ರಾತ್ರಿ, ಅಪ್ಪ ಅಮ್ಮನಿಗೆ ಏನು ಮಾಡಿದ ಅನ್ನುವುದನ್ನು ಆ ಮಗುವಿನ ಬಾಯಲ್ಲಿ ಅನುವಾದ ಮಾಡಿಸಬೇಡಿ. ‘ಕನ್ನಡ ಇಂಟರ್‌ಪ್ರಿಟರ್’ ಅಂತ ಎರಡೇ ಪದ ಹೇಳಿ, ಕಾಯಿರಿ.