ಸಾಲ ತೀರಿದರೂ ಇಸಿಯಲ್ಲಿ ಉಳಿದ ಅಡಮಾನ

ನಮ್ಮ ಹಿಟ್ಟಿನ ಗಿರಣಿಯ ಶೆಡ್ ಮೇಲಿನ ಸಾಲ ಪೂರ್ತಿ ತೀರಿತ್ತು. ಆದರೂ ಹೊಸ ಸಾಲ ಕೇಳಿದಾಗ ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ, ಹಳೆಯ ಬ್ಯಾಂಕಿನ ಅಡಮಾನ ಹಾಗೇ ಕಾಣಿಸಿತು. ಬ್ಯಾಂಕ್ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಯಲ್ಲಿದ್ದರೆ ಸಾಲದು. ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆ ಪತ್ರವೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದನ್ನು ಬ್ಯಾಂಕೇ ಬರೆದುಕೊಡಬೇಕು. ಬಾಯಿಮಾತಲ್ಲಿ ಕೇಳಿದಾಗ ಸುಮ್ನೆ ದಿನ ದೂಡುತ್ತಿದ್ದರು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದ ಮೇಲೆ ಕೆಲಸ ಸಾಗಿತು.

ಸೆರ್ಸಾಯ್ (ಬ್ಯಾಂಕ್‌ಗಳ ಅಡಮಾನಗಳ ಕೇಂದ್ರ ನೋಂದಣಿ) ದಾಖಲೆಯನ್ನೂ ನೋಡಿ, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. 2002ರ ಸರ್ಫೇಸಿ ಕಾಯ್ದೆ ಪ್ರಕಾರ, ಅಲ್ಲಿ ನೋಂದಾಯಿಸಿದ ಸಾಲ ತೀರಿದರೆ 30 ದಿನದೊಳಗೆ ಬ್ಯಾಂಕೇ ಅಲ್ಲಿಗೆ ತಿಳಿಸಬೇಕು. ಅದನ್ನೂ ಅದೇ ಅರ್ಜಿಯಲ್ಲಿ ಬರೆದಿದ್ದೆ.

ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಪಡೆದ ಇಸಿಯಲ್ಲಿ ಬಿಡುಗಡೆಯ ನಮೂದೂ ಇದೆ. ಹಳೆಯ ಅಡಮಾನದ ಸಾಲು ಅಳಿಸಿಹೋಗುವುದಿಲ್ಲ, ಅದಕ್ಕೆ ಗಾಬರಿ ಬೇಡ.